ಹನ್ನೆರಡನೆಯ ಅಚ್ಚು

ಸೋಮವಾರ ಬೆಳಗ್ಗೆ 9.10ಕ್ಕೆ ಠಾಣೆಗೆ ಬಂದ ವಾದ್ಯ ಕಾರ್ಖಾನೆಯ ಮಾಲೀಕರು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಟ್ರಂಪೆಟ್ಟಿನ ಅಗಲ ಬಾಯಿಯನ್ನು ಬಡಿದು ರೂಪಿಸುವ ಉಕ್ಕಿನ ಅಚ್ಚು ಕಳುವಾಗಿದೆ ಎಂದರು. ಅವರ ಅಪ್ಪ ಕೈಯಾರೆ ಕಡೆದ ಅಚ್ಚು ಅದು. ಒಂದೇ ಮೇಜಿನ ಮೇಲೆ ಶುರುವಾದ ಕಸುಬು ಈಗ ಮುನ್ನೂರು ಜನರ ಕಾರ್ಖಾನೆ. ಕ್ಲಾರಿನೆಟ್ಟಿಗೆ ಬೇರೆ ಕಟ್ಟಡ, ಕೊಳಲಿಗೆ ಬೇರೆ ಕಟ್ಟಡ. ಬುಧವಾರ ಆ ಅಚ್ಚಿನ ಅಳತೆ ತೆಗೆದು ಹೊಸ ಘಟಕದ ಯಂತ್ರಗಳಿಗೆ ಕೊಡಬೇಕಿತ್ತು. ಅದು ಸಿಗದಿದ್ದರೆ ಘಟಕದ ಬಾಗಿಲು ತೆರೆಯುವಂತಿಲ್ಲ.

"ಯಾರ ಮೇಲೆ ಅನುಮಾನ?"

"ಎದುರಾಳಿ ಕಂಪನಿಯವರು. ಇನ್ಯಾರು ಸಾರ್?"

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರಿಗೆ ಮನುಷ್ಯರ ಬಾಯಿಗಿಂತ ವಸ್ತುಗಳ ಮೇಲೆ ನಂಬಿಕೆ ಜಾಸ್ತಿ. ವಸ್ತುಗಳು ಸುಳ್ಳು ಹೇಳಿ ತಮ್ಮ ಸಮಯ ಹಾಳು ಮಾಡುವುದಿಲ್ಲ ಎಂಬುದು ಅವರ ವಾದ. 10.30ಕ್ಕೆ ಅಚ್ಚುಗಳ ಕೋಣೆಯಲ್ಲಿ ಪಂಚನಾಮೆ ಶುರು ಮಾಡಿದರು. ಬೀಗ ಒಡೆದಿರಲಿಲ್ಲ. ಹನ್ನೆರಡು ಅಚ್ಚುಗಳ ಚೌಕಟ್ಟಿನಲ್ಲಿ ಒಂದು ಜಾಗ ಖಾಲಿ. ಉಳಿದ ಹನ್ನೊಂದನ್ನು ಮುಟ್ಟಿ ನೋಡಿದರೆ ಬೆರಳಿಗೆ ಹಸಿ ಎಣ್ಣೆ ಅಂಟಿತು.

ತುಕ್ಕು ಹಿಡಿಯದಂತೆ ಪ್ರತಿ ಶನಿವಾರ ಸಂಜೆ ಎಣ್ಣೆ ಹಚ್ಚುವುದು ವಾಡಿಕೆ ಎಂದ ಮೇಸ್ತ್ರಿ. ಈ ಶನಿವಾರ ಮಾತ್ರ ಮಧ್ಯಾಹ್ನಕ್ಕೇ ಬೀಗ ಬಿದ್ದು, ಎಣ್ಣೆ ಹಚ್ಚಿರಲಿಲ್ಲವಂತೆ. ಮಾಲೀಕರ ಅಕ್ಕನಿಗೆ ಅಂದು ಸನ್ಮಾನ. ಮೂವತ್ತು ವರ್ಷ ಸುತ್ತಿಗೆ ಹಿಡಿದ ಆಕೆಯನ್ನು ಸಲಹೆಗಾರ್ತಿ ಮಾಡಿ, ಹೊಸ ಕುರ್ಚಿಯಲ್ಲಿ ಕೂರಿಸಿ, ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಅಲ್ರೀ," ಎಂದರು ಇನ್‌ಸ್ಪೆಕ್ಟರು ಜೊತೆಗೆ ಬಂದಿದ್ದ ಮೀಸೆಯ ಹೆಡ್ ಕಾನ್‌ಸ್ಟೇಬಲ್ಲಿಗೆ, "ಕದಿಯೋಕೆ ಬಂದವನು ಬಿಟ್ಟುಹೋಗೋ ಮಾಲಿಗೆ ಯಾಕೆ ಎಣ್ಣೆ ಹಚ್ತಾನೆ?"

ಎಣ್ಣೆ ಹಚ್ಚುತ್ತಿದ್ದದ್ದು ಯಾರು ಎಂದು ಕಾವಲುಗಾರನನ್ನು ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಗೇಟಿನ ಪುಸ್ತಕದಲ್ಲಿ ಬರೆಯದಿದ್ದದ್ದು ತಪ್ಪೇ ಎಂದ. ಎಣ್ಣೆ ಹಚ್ಚುತ್ತಿದ್ದದ್ದು ದೊಡ್ಡಮ್ಮಾವ್ರೇ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಚೀಲ ಹಿಡಿದು ಬಂದಿದ್ದರು. ಮಾಲೀಕರ ಅಕ್ಕನನ್ನು ತಡೆಯಲು ತಾನ್ಯಾರು ಎಂದು ಗೋಳಾಡಿದ.

ಮಧ್ಯಾಹ್ನ 2 ಗಂಟೆಗೆ ಆಕೆಯ ಮನೆ. ಬಾಗಿಲು ತೆರೆದವರೇ ಒಳಗೆ ಕರೆದು, ಅಡುಗೆಮನೆಯ ಮೇಲಿನ ಅಟ್ಟದಿಂದ ಅಚ್ಚನ್ನು ತಾವೇ ಇಳಿಸಿದರು. ಮೆತ್ತನೆ ಬಟ್ಟೆಯಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿತ್ತು.

"ಯಾಕೆ ತಂದಿರಿ?"

ಆಕೆ ಕ್ಯಾಲಿಪರ್ ಕೊಟ್ಟು ಅಳೆಯಲು ಹೇಳಿದರು. ಪೂರ್ತಿ ದುಂಡಗಿರಬೇಕಾದ ಬಾಯಿಗೆ ಅಡ್ಡಕ್ಕೆ ಒಂದು ಅಳತೆ, ಉದ್ದಕ್ಕೆ ಒಂದು ಅಳತೆ. ಎರಡು ಕೂದಲೆಳೆಯಷ್ಟು ವ್ಯತ್ಯಾಸ.

"ಬಡಿದು ಬಡಿದು ಸವೆಸಿದ್ದು ನಾನೇ. ಸವೆದ ಕಡೆ ಕೈ ಹಗುರ ಮಾಡ್ತೀನಿ, ಸ್ವರ ಸರಿಹೋಗುತ್ತೆ. ಯಂತ್ರ ಅದನ್ನ ಮಾಡಲ್ಲ. ಇದ್ದ ತಪ್ಪನ್ನೇ ಸಾವಿರ ಸಲ ಮಾಡುತ್ತೆ."

"ತಮ್ಮನಿಗೆ ಹೇಳಬೇಕಿತ್ತು."

"ಎರಡು ಸಲ ಹೇಳಿದೆ. ಕೆಲಸ ಬಿಡೋಕೆ ಮನಸ್ಸಿಲ್ಲ, ಅದಕ್ಕೆ ನೆವ ಹೇಳ್ತಿದ್ದೀಯ ಅಂದ. ಬುಧವಾರ ದಾಟಿದ್ರೆ ಸಾಕಿತ್ತು ನನಗೆ. ಅಪ್ಪನ ಹೆಸರಿನ ಟ್ರಂಪೆಟ್ಟೆಲ್ಲ ಅಪಸ್ವರ ಆಗೋದಕ್ಕಿಂತ ನಾನೊಬ್ಬಳು ಕಳ್ಳಿ ಆಗೋದು ವಾಸಿ."

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಇನ್‌ಸ್ಪೆಕ್ಟರಿಗೆ ಆಕೆಯ ಮೇಲೆ ಗೌರವ ಹುಟ್ಟಿತು, ಕೆಲಸ ಮಾತ್ರ ಬಿಡಲಿಲ್ಲ. 3.20ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ಬಂಧಿಸಲಾಯಿತು.

ಠಾಣೆಗೆ ಓಡಿಬಂದ ತಮ್ಮ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಅದನ್ನು ಕೋರ್ಟಿನಲ್ಲಿ ಹೇಳಿ ಎಂದು ಇನ್‌ಸ್ಪೆಕ್ಟರು ಕ್ಯಾಲಿಪರ್ ಮುಂದಿಟ್ಟರು. ಅವನು ಒಮ್ಮೆ ಅಳೆದ, ಮತ್ತೊಮ್ಮೆ ಅಳೆದ. ಬೆಳಗ್ಗೆ ಬೇಡವೆಂದ ಕುರ್ಚಿಯಲ್ಲಿ ಕುಸಿದು ಕೂತು, ಯಂತ್ರದವರಿಗೆ ಫೋನ್ ಮಾಡಿದ.

"ಬುಧವಾರ ಬರಬೇಡಿ. ಮೊದಲು ಹೊಸ ಅಚ್ಚು ಆಗಬೇಕು. ಅದನ್ನ ಅಕ್ಕನೇ ಮಾಡಿಸ್ತಾಳೆ, ಅವಳು ಹೂಂ ಅಂದ ಮೇಲೇ ಅಳತೆ."

ಅಚ್ಚಿಗೆ ಸೀಲು ಹಾಕುವ ಹೊತ್ತಾಯಿತು. ಆರೋಪಿ ಒಂದೇ ಮಾತು ಕೇಳಿದರು: ಕೇಸು ಮುಗಿಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ, ಸ್ವಲ್ಪ ಎಣ್ಣೆ ಸಿಗಬಹುದೇ? ಮೀಸೆ ಹೆಡ್ ಕಾನ್‌ಸ್ಟೇಬಲ್ ಪಿಸ್ತೂಲಿಗೆ ಹಾಕುವ ಎಣ್ಣೆ ತಂದುಕೊಟ್ಟ. ಅಕ್ಕ ಹಚ್ಚಿದರು, ಅಚ್ಚಿನ ಇನ್ನೊಂದು ತುದಿಯನ್ನು ತಮ್ಮ ಹಿಡಿದುಕೊಂಡ. ಇನ್‌ಸ್ಪೆಕ್ಟರು ಅದನ್ನೂ ಸಮಯ ಸಮೇತ ಪಂಚನಾಮೆಗೆ ಸೇರಿಸಿದರು.