ಹಾಲುದೊಣೆಯ ಒಂದು ಬಟ್ಟಲು ಹೆಪ್ಪು

ಬೆಟ್ಟಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ, ಮೋಡಗಳು ಅಂಗಳಕ್ಕಿಳಿದು ನೀರು ಕೇಳಿ ಕುಡಿದು ಹೋಗುತ್ತಿದ್ದ ಕಾಲ. ಆಗ ಗಿಣಿನಾಡು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ಅಂಚಿನಲ್ಲಿ ಹಾಲುದೊಣೆ ಅಂತ ಒಂದು ಪುಟ್ಟ ಪೇಟೆ. ನಡುವೆ ದುಂಡನೆಯ ಕಲ್ಲುದೊಣೆ, ಅದರ ತುಂಬ ತಿಳಿನೀರು. ಅದರ ಸುತ್ತ ಬಳೆಯ ಹಾಗೆ ಒಂದೇ ಬೀದಿ. ಮನೆಗೆ ಮನೆ ಅಂಟಿಕೊಂಡು, ಕೊನೆಯ ಮನೆ ಮೊದಲನೆಯ ಮನೆಯ ಗೋಡೆಗೇ ಬಂದು ಸೇರುತ್ತಿತ್ತು.

ಆ ನೆಲ ಮೊದಲು ಒಡಕಯ್ಯ ಅನ್ನುವ ಮಂತ್ರವಾದಿಯದು. ಅವನ ವಿದ್ಯೆ ಒಂದೇ. ಲಟಕ್ ಅಂತ ಬೆರಳು ನೆಟಿಗೆ ಮುರಿದರೆ ಕೂಡಿದ್ದೆಲ್ಲ ಒಡೆಯಬೇಕು. ಗೋಡೆ, ಗಡಿಗೆ, ಹಾಲು, ಅಣ್ಣತಮ್ಮಂದಿರ ಮನಸ್ಸು, ಎಲ್ಲ. ಊರು ಕಟ್ಟೋಕೆ ಬಂದ ದೊಡ್ಡವ್ವ ಒಂದು ಗಡಿಗೆ ಮೊಸರು ಹೊತ್ತುಕೊಂಡು ಅವನ ಮುಂದೆ ಹೋಗಿ ನಿಂತಳು.

“ಒಡಕಯ್ಯ, ಇದನ್ನ ಒಡಿ ನೋಡೋಣ.”

ಅವನು ಬೆರಳು ಮುರಿದ. ಗಡಿಗೆ ಹೋಳುಹೋಳಾಗಿ ಬಿತ್ತು. ಮೊಸರು ಮಾತ್ರ ಗಡಿಗೆಯ ಆಕಾರದಲ್ಲೇ ಅವಳ ಅಂಗೈ ಮೇಲೆ ಗಟ್ಟಿಯಾಗಿ ನಿಂತಿತ್ತು.

ಒಡಕಯ್ಯ ಉರಿದುಬಿದ್ದ. “ನೆಲ ತಗೋ, ಹೋಗು! ಆದರೆ ಪ್ರತಿವರ್ಷ ಊರು ಹುಟ್ಟಿದ ದಿನ ಎಲ್ಲಾ ಮನೆಯಲ್ಲೂ ಹೀಗೇ ಮೊಸರು ಹೆಪ್ಪಾಗಬೇಕು. ತಮ್ಮ ಮನೆ ಹೆಪ್ಪು ಹಾಕೋ ಹಾಗಿಲ್ಲ, ಬೇರೆ ಮನೆಯಿಂದ ಕೇಳಿ ತಂದದ್ದೇ ಆಗಬೇಕು. ದೀಪ ಹಚ್ಚೋ ಹೊತ್ತಿಗೆ ಒಂದೇ ಒಂದು ಮನೆಯ ಮಡಕೆ ಓರೆ ಮಾಡಿದಾಗ ಮೊಸರು ಹರಿದರೂ, ಮನೆಗಳೆಲ್ಲ ಬಂಡೆ, ನೀವೆಲ್ಲ ಕೊಕ್ಕರೆ!”

ದೊಡ್ಡವ್ವ ನಕ್ಕುಬಿಟ್ಟಳು. “ಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳೋದೂ ಒಂದು ಕಷ್ಟವೇನಯ್ಯಾ?”

ಎಷ್ಟೋ ವರ್ಷ ಕಷ್ಟವೇ ಇರಲಿಲ್ಲ. ಆ ಊರಿನ ಹೊನ್ನಾಚಿಗೆ ಚೆನ್ನಾಗಿ ನೆನಪಿತ್ತು. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಊರಹುಟ್ಟಿನ ಹಬ್ಬ ಅಂದರೆ ಬೆಳಗಿನ ಜಾವದಿಂದಲೇ ಬೀದಿಯಲ್ಲಿ ಬಟ್ಟಲುಗಳ ಓಡಾಟ. ಹೆಪ್ಪು ತರೋಕೆ ಹೋದವಳು ಅರ್ಧ ದೋಸೆ ತಿಂದು, ತಲೆ ಬಾಚಿಸಿಕೊಂಡು, ಊರಿನ ಸುದ್ದಿಯೆಲ್ಲ ಹೊತ್ತುಕೊಂಡು ಬರುತ್ತಿದ್ದಳು. ಸಂಜೆ ದೊಣೆಯ ಸುತ್ತ ಒಂದೇ ಪಂಕ್ತಿಯಲ್ಲಿ ಕೂತು ಅವಲಕ್ಕಿ ಮೊಸರು ಉಣ್ಣುತ್ತಿದ್ದರು. ಹೊನ್ನಾಚಿಗಂತೂ ಬೀದಿಗೂ ಇಳಿಯಬೇಕಿರಲಿಲ್ಲ. ಅವಳ ಅಡುಗೆಮನೆಗೂ ಪಕ್ಕದ ದ್ಯಾವಕ್ಕನ ಕೊಟ್ಟಿಗೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಉಪ್ಪು, ಕೆಂಡ, ಹೆಪ್ಪು, ಚಾಡಿ ಎಲ್ಲ ಅದರಲ್ಲೇ ಹೋಗಿಬರುತ್ತಿದ್ದವು.

ಕೆಟ್ಟದ್ದು ಹೋದ ವರ್ಷ. ದ್ಯಾವಕ್ಕನ ಎಮ್ಮೆ ಗೆಜ್ಜೆ, ಒಣಹಾಕಿದ್ದ ಹೊನ್ನಾಚಿಯ ಮದುವೆ ಸೀರೆಯ ಅಂಚು ತಿಂದುಬಿಟ್ಟಿತು. ಹೊನ್ನಾಚಿ ಕೂಗಾಡಿದಳು. ದ್ಯಾವಕ್ಕನ ಬಾಯಿ ಸುಮ್ಮನಿರುತ್ತದೆಯೇ? “ನಮ್ಮೆಮ್ಮೆಗೂ ಒಳ್ಳೇ ಸೀರೆ ಯಾವ್ದು ಅಂತ ಗೊತ್ತು ಕಣೇ. ಅದಕ್ಕೇ ತಿಂದು ಉಗುಳ್ತು!” ಅಂದಳು. ಹೊನ್ನಾಚಿ ಅವತ್ತೇ ಮಣ್ಣು ಕಲಸಿ ಕಿಂಡಿ ಮೆತ್ತಿಬಿಟ್ಟಳು.

ಆ ಮಣ್ಣು ಒಣಗುವ ಮೊದಲೇ ಊರಿಗೆ ಒಬ್ಬ ಮಡಕೆ ಮಾರುವವನು ಬಂದ. ಸೊಂಟದಲ್ಲೊಂದು ಸೋರೆಬುರುಡೆ, ಕತ್ತೆಯ ಮೇಲೆ ಮಡಕೆಗಳು. “ಹೆಪ್ಪೇ ಬೇಡದ ಮಡಕೆ! ಹಾಲು ಹುಯ್ದರೆ ಸಾಕು, ಮೊಸರು! ಇನ್ನು ಯಾರ ಬಾಗಿಲಿಗೂ ಹೋಗೋದು ಬೇಡ, ಯಾರ ಮಾತೂ ಕೇಳೋದು ಬೇಡ! ಬೆಲೆ ಏನೂ ಇಲ್ಲ ತಾಯಿ, ನಿಮ್ಮ ಮನೆಯ ಹಳೇ ಹೆಪ್ಪು ಈ ಬುರುಡೆಗೆ ಸುರಿದುಬಿಡಿ.” ಹೊನ್ನಾಚಿಗೆ ಆಗ ಬೇಕಾಗಿದ್ದೂ ಅದೇ. ಸುರಿದಳು. ಊರೆಲ್ಲ ಸುರಿಯಿತು. ದ್ಯಾವಕ್ಕನ ಅಂಗಳಕ್ಕೆ ಕಾಲಿಟ್ಟಾಗ ಮಾತ್ರ ಗೆಜ್ಜೆ ಹಗ್ಗ ಕಿತ್ತುಕೊಂಡು ಬಂದು ಅವನನ್ನ ದೊಣೆಗೆ ತಳ್ಳಿತು. ಅವನು ತೊಯ್ದ ಬಟ್ಟೆಯಲ್ಲಿ ಲಟಕ್ ಲಟಕ್ ಅಂತ ಬೆರಳು ಮುರಿಯುತ್ತಾ ಹೋದ. ಆ ಸದ್ದು ಕೇಳಿಯೂ ಯಾರಿಗೂ ಹೊಳೆಯಲಿಲ್ಲ ನೋಡಿ.

ಅವತ್ತಿನಿಂದ ಬೀದಿಯಲ್ಲಿ ಬಟ್ಟಲುಗಳ ಓಡಾಟ ನಿಂತಿತು. ಮಡಕೆಗಳು ವರ್ಷವೆಲ್ಲ ಮೊಸರು ಕೊಟ್ಟವು. ಊರಿಗೆ ನೂರು ತುಂಬುವ ಹಬ್ಬದ ದಿನ ಬೆಳಗ್ಗೆ ಹೊನ್ನಾಚಿ ಮುಚ್ಚಳ ತೆಗೆದು ನೋಡುತ್ತಾಳೆ, ನಿನ್ನೆ ಹುಯ್ದ ಹಾಲು ಹಾಲಾಗಿಯೇ ಇದೆ. ಮಡಕೆಯ ತಳದಲ್ಲಿ ಒಂದು ಬಿರುಕು. ಗಡಿಗೆ, ಬಟ್ಟಲು ಎಲ್ಲ ತಡಕಿದಳು. ಮನೆಯಲ್ಲಿ ಹೆಪ್ಪು ಒಂದು ತೊಟ್ಟೂ ಇಲ್ಲ.

ಮೊದಲು ಮೆಣಸಿನಕಾಯಿ ತೊಟ್ಟು ಹಾಕಿ ನೋಡಿದಳು. ಹಾಲು ಒಡೆದು ನೀರು ಬೇರೆ, ಗಸಿ ಬೇರೆಯಾಯಿತು. ಆಗ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಈಚೆ ಪಕ್ಕದ ಶೆಟ್ಟರ ಮನೆಗೆ ಹೋದಳು. ಶೆಟ್ಟಗಿತ್ತಿ ಮಂಕಾಳಮ್ಮ ಕತ್ತಿಗೆ ಗದ್ದದವರೆಗೂ ಶಾಲು ಸುತ್ತಿಕೊಂಡು ಬಾಗಿಲಿಗೆ ಬಂದಳು.

“ಹೆಪ್ಪಾ? ಅಯ್ಯೋ, ನಮ್ಮನೇಲಿ ಇಲ್ಲದ್ದು ಯಾವ್ದೇ ಇದೆ?” ಅಂತ ಒಳಗೆ ಹೋಗಿ, ಎಲೆ ಮುಚ್ಚಿದ ಬಟ್ಟಲು ತಂದುಕೊಟ್ಟಳು. ಹೊನ್ನಾಚಿ ಅದನ್ನ ಹಾಲಿಗೆ ಹಾಕಿದಳು. ಹಾಲು ಗಂಜಿಯಾಯಿತು. ಅಕ್ಕಿಹಿಟ್ಟಿನ ನೀರು!

ಇನ್ನು ಉಳಿದದ್ದು ಒಂದೇ ಚೊಂಬು ಹಾಲು. ಅದನ್ನ ಮುಚ್ಚಿಟ್ಟು ದೊಣೆಯ ಆಚೆ ಬದಿಗೆ ಓಡಿದಳು. ಅಲ್ಲಿ ಗುಂಡಜಟ್ಟಿ ಹಬ್ಬದ ಕಮಾನಿಗೆ ಸುಣ್ಣ ಬಳಿಯುತ್ತಿದ್ದ. ಊರಿಗೇ ದೊಡ್ಡ ಪೈಲ್ವಾನ.

“ಜಟ್ಟಣ್ಣ, ಒಂಚೂರು ಹೆಪ್ಪು ಕೊಡಪ್ಪ.”

“ಧಾರಾಳವಾಗಿ ತಗೋ ತಂಗಿ!” ಅಂತ ಏಣಿಯಿಂದ ಧುಮುಕಿ, ಬೆನ್ನು ತಿರುಗಿಸಿ ಏನೋ ಮಾಡಿ, ಬಟ್ಟಲು ಚಾಚಿದ. ಹೊನ್ನಾಚಿ ಈ ಸಲ ಅಲ್ಲೇ ಮೂಸಿ ನೋಡಿದಳು.

“ಜಟ್ಟಣ್ಣ, ಇದು ಸುಣ್ಣ!”

“ಬೆಳ್ಳಗಿದೆ ತಾನೇ?” ಅಂದ. ಅಷ್ಟರಲ್ಲಿ ಅವನ ಅಂಗಿಯ ತೋಳಿನಿಂದ ಒಂದು ಉದ್ದನೆಯ ಬಿಳಿ ಗರಿ ಜಾರಿ ಹೊರಗೆ ಬಂತು. ಅಷ್ಟು ದೊಡ್ಡ ಆಳು ಏಣಿಯ ಬುಡದಲ್ಲಿ ಕುಸಿದು ಕೂತ. “ನಮ್ಮನೇಲೂ ಇಲ್ಲ ಕಣವ್ವ. ಮಾರುದ್ದ ಮೀಸೆ ಇಟ್ಕೊಂಡು ಹೆಪ್ಪಿಲ್ಲ ಅಂತ ಯಾರ ಹತ್ರ ಹೇಳ್ಲಿ?”

ಆಗ ಹೊನ್ನಾಚಿಗೆ ಅರ್ಥವಾಯಿತು. ಯಾರ ಮನೆಯಲ್ಲೂ ಇಲ್ಲ, ಎಲ್ಲರೂ ಇದೆ ಅನ್ನುತ್ತಿದ್ದಾರೆ. ಅತ್ತ ದೊಣೆಯ ಪಕ್ಕದ ಹಬ್ಬದ ಮಂಟಪದ ಮೆಟ್ಟಿಲ ಮೇಲೆ ಒಬ್ಬ ಹಾಯಾಗಿ ಕಾಲು ಚಾಚಿ ಕೂತಿದ್ದ. ಅದೇ ಮಡಕೆಯವನು, ಅದೇ ಸೋರೆಬುರುಡೆ. ಅವನು ಬೆರಳು ಮುರಿದಾಗ ಹಬ್ಬದ ಡೋಲು ಹರಿಯಿತು. ಇನ್ನೊಂದು ಮುರಿದಾಗ ಕಮಾನು ಎರಡಾಗಿ ಜಟ್ಟಿಯ ತಲೆಯ ಮೇಲೆ ಸುಣ್ಣ ಸುರಿಯಿತು. “ನಿಧಾನಕ್ಕೆ ಕೊಕ್ಕರೆಯಾಗಿ, ಅವಸರ ಏನಿಲ್ಲ,” ಅಂತ ಒಡಕಯ್ಯ ನಕ್ಕ.

ಹೊನ್ನಾಚಿಯ ಮೊಣಕೈಯಲ್ಲಿ ನವೆಯಾಯಿತು. ನೋಡಿಕೊಂಡರೆ ಅಲ್ಲೂ ಗರಿ.

ಬುರುಡೆಗೆ ಹೆಪ್ಪು ಸುರಿಯದೆ ಉಳಿದದ್ದು ದ್ಯಾವಕ್ಕನ ಮನೆಯೊಂದೇ ಅಂತ ಅವಳಿಗೆ ನೆನಪಾಯಿತು. ಮನೆಗೆ ಬಂದವಳು ಸೌಟಿನ ಹಿಡಿಯಿಂದ ಕಿಂಡಿಯ ಮಣ್ಣು ಕೆದರಿದಳು. ಕೆದರಿದಂತೆಲ್ಲ ಹಳೆಯ ಹೊಗೆಯ ವಾಸನೆ ಬಂತು, ಕಣ್ಣಲ್ಲಿ ನೀರೂ ಬಂತು. ಆಚೆಯಿಂದ ಮೊದಲು ಇಣುಕಿದ್ದು ಗೆಜ್ಜೆಯ ಒದ್ದೆ ಮೂಗು.

“ಗೆಜ್ಜೆ, ಪಕ್ಕಕ್ಕೆ ಸರಿಯೇ. ದ್ಯಾವಕ್ಕಾ, ಒಂದು ಚೂರು ಹೆಪ್ಪಿದ್ರೆ ಕೊಡೇ. ನಮ್ಮನೇಲಿ ಇಲ್ಲ.”

“ಇಷ್ಟು ಹೇಳೋಕೆ ಒಂದು ವರ್ಷ ಬೇಕಾಯ್ತೇನೇ ನಿಂಗೆ?” ಮಾತು ಮುಗಿಯುವ ಮೊದಲೇ ಬಟ್ಟಲು ಕಿಂಡಿಗೆ ಬಂದಿತ್ತು. ಹೊನ್ನಾಚಿಯ ಗರಿ ಉದುರಿ ನೆಲಕ್ಕೆ ಬಿತ್ತು.

“ನಿನ್ನ ಹಾಲಿಗೂ ಬೇರೆ ಮನೆಯದು ಬೇಕಲ್ಲ ದ್ಯಾವಕ್ಕ. ನೀನ್ಯಾಕೆ ಯಾರನ್ನೂ ಕೇಳಲಿಲ್ಲ?”

“ಯಾರನ್ನ ಕೇಳ್ಲಿ? ಇದ್ದದ್ದು ಒಂದು ಕಿಂಡಿ. ಬೆಳಗ್ಗಿಂದ ಇದೇ ಗೋಡೆಗೆ ಒರಗಿ ಕೂತಿದೀನಿ. ಹಾಲು ಆರಿದಾಗೆಲ್ಲ ಮತ್ತೆ ಕಾಯಿಸ್ತಾ ಇದೀನಿ.” ಆಮೇಲೆ ದನಿ ಇಳಿಸಿ ಅಂದಳು, “ಆ ಸೀರೆ ಒಳ್ಳೇದೇ ಇತ್ತು ಕಣೇ. ಗೆಜ್ಜೆ ಉಗುಳಲಿಲ್ಲ. ಪೂರ್ತಿ ನುಂಗಿದ್ಲು.”

ಹೊನ್ನಾಚಿ ಅಳುತ್ತಲೇ ನಕ್ಕುಬಿಟ್ಟಳು. ತನ್ನ ಚೊಂಬಿಗೆ ಒಂದು ಚಮಚ ಹಾಕಿ, ಬಟ್ಟಲು ಹಿಡಿದು ಶೆಟ್ಟರ ಮನೆಗೆ ಓಡಿದಳು. ಮಂಕಾಳಮ್ಮನ ಕತ್ತು ಅಷ್ಟರಲ್ಲಿ ಬಾಗಿಲ ಮೇಲಿನ ತೋರಣ ಮುಟ್ಟುತ್ತಿತ್ತು.

“ನಮ್ಮನೇಲಿ ಇದೆ ಅಂದ್ನಲ್ಲೇ!” ಅಂತ ಮೇಲಿನಿಂದ ಕೂಗಿದಳು.

“ಇಲ್ಲ ಅನ್ನು ಮಂಕಾಳಮ್ಮ. ನಾನೂ ಅಂದೆ, ಸತ್ತೇನೂ ಹೋಗಲಿಲ್ಲ.”

“ಇಲ್ಲ ಕಣೇ,” ಅಂದಳು ಮಂಕಾಳಮ್ಮ, ಬಲು ಸಣ್ಣ ದನಿಯಲ್ಲಿ. “ಸ್ವಲ್ಪ ಕೊಡೇ.” ಕತ್ತು ಸರ್ರನೆ ಇಳಿಯಿತು.

ಬಟ್ಟಲು ಅವಳಿಂದ ಪಕ್ಕದವರಿಗೆ ಹೋಯಿತು, ಅವರಿಂದ ಅದರಾಚೆಯವರಿಗೆ. ಒಂದೊಂದು ಬಾಗಿಲಲ್ಲೂ ಒಂದು “ಇಲ್ಲ”, ಒಂದು ನಗು, ಉದುರಿದ ಒಂದು ರಾಶಿ ಗರಿ. ಬಟ್ಟಲು ಬರಿದಾಗಲೇ ಇಲ್ಲ. ಬೀದಿ ಸುತ್ತಿ ಕೊನೆಗೆ ಗುಂಡಜಟ್ಟಿಯ ಕೈಗೆ ಬಂತು. ಅವನು ತನ್ನ ಹಾಲಿಗೆ ಹಾಕಿಕೊಂಡು, ಬಟ್ಟಲನ್ನ ಎರಡೂ ಕೈಯಲ್ಲಿ ಹಿಡಿದು ದ್ಯಾವಕ್ಕನ ಬಾಗಿಲಿಗೆ ನಡೆದ. ಈಗ ಅದು ಜಟ್ಟಿಯ ಮನೆಯ ಹೆಪ್ಪು; ದ್ಯಾವಕ್ಕ ಅದನ್ನ ಕೇಳಿ ಪಡೆದು ತನ್ನ ಹಾಲಿಗೂ ಹಾಕಿದಳು. ಆದರೆ ಹೊತ್ತು ಆಗಲೇ ಇಳಿಯುತ್ತಿತ್ತು.

“ನಂದು ಹೆಪ್ಪಾಗಲ್ಲ ಕಣೇ,” ಅಂದಳು ದ್ಯಾವಕ್ಕ. ಅವಳ ಮುಖ ಬಿಳಿಚಿತ್ತು. “ಎಲ್ಲರಿಗೂ ಕೊಟ್ಟು, ನನ್ನ ಮಡಕೆಯಿಂದಲೇ ಊರು ಹಾಳಾಗುತ್ತೆ.”

ಹೊನ್ನಾಚಿ ಪೆಟ್ಟಿಗೆಯಿಂದ ಅಂಚಿಲ್ಲದ ಆ ಮದುವೆ ಸೀರೆ ತಂದಳು. ಮಡಕೆಗೆ ಸುತ್ತಿದಳು, ಇನ್ನೂ ಸುತ್ತಿದಳು. ಆಮೇಲೆ ಇಬ್ಬರೂ ಅದನ್ನ ನಡುವೆ ಇಟ್ಟುಕೊಂಡು, ಮಗುವಿಗೆ ಚಳಿಯಾದಾಗ ಅಪ್ಪಿಕೊಳ್ಳುವ ಹಾಗೆ ಅಪ್ಪಿ ಕೂತರು. ಗೆಜ್ಜೆ ಹಿಂದಿನಿಂದ ಬಂದು ಬಿಸಿಯುಸಿರು ಬಿಡುತ್ತಾ ನಿಂತಿತು. ವರ್ಷದ ಮಾತು ಬಾಕಿಯಿತ್ತು. ಆಡಿದರು.

ದೀಪದ ಹೊತ್ತಾಯಿತು. ಮಂಟಪದಲ್ಲಿ ಒಬ್ಬೊಬ್ಬರೂ ಮಡಕೆ ಓರೆ ಮಾಡಿದರು. ಮೊಸರು ಅಲುಗಲಿಲ್ಲ. ಕೊನೆಗೆ ದ್ಯಾವಕ್ಕ ಸೀರೆ ಬಿಚ್ಚಿದಳು. ಒಡಕಯ್ಯ ಎದ್ದು ನಿಂತು ಹತ್ತೂ ಬೆರಳು ಒಟ್ಟಿಗೆ ಮುರಿದ. ಮಡಕೆ ಚೂರಾಯಿತು. ಮೊಸರು ಮಾತ್ರ ದುಂಡಗೆ, ಬೆಳ್ಳಗೆ, ನಾಲ್ಕು ಅಂಗೈಗಳ ಮೇಲೆ ಗಟ್ಟಿಯಾಗಿ ನಿಂತಿತ್ತು. ಎರಡು ದ್ಯಾವಕ್ಕನದು, ಎರಡು ಹೊನ್ನಾಚಿಯದು.

ಅದೇ ಏಟಿಗೆ ಅವನ ಸೊಂಟದ ಸೋರೆಬುರುಡೆಯೂ ಸೀಳಿತು. ಊರಿಂದ ಅವನು ದೋಚಿದ್ದ ಹೆಪ್ಪೆಲ್ಲ ಅವನ ಮೇಲೇ ಸುರಿದು, ಕಾಲಿಂದ ತಲೆವರೆಗೆ ಅವನನ್ನೇ ಹೆಪ್ಪುಗಟ್ಟಿಸಿತು. ಒಡಕಯ್ಯ ಅಲ್ಲೇ ಬಿಳಿಕಲ್ಲಾಗಿ ನಿಂತ. ಮರುದಿನದಿಂದ ಗೆಜ್ಜೆ ಬೆನ್ನು ತುರಿಸಿಕೊಳ್ಳೋಕೆ ಅದೇ ಕಲ್ಲಿಗೆ ಹೋಗುತ್ತಿತ್ತು.

ಅವತ್ತು ದೊಣೆಯ ಸುತ್ತ ಮತ್ತೆ ಪಂಕ್ತಿ ಕೂತಿತು. ಹೊನ್ನಾಚಿ ಆ ಕಿಂಡಿಯನ್ನ ಇನ್ನೊಂದಿಷ್ಟು ಅಗಲ ಮಾಡಿಸಿದಳು. ಮನೆಯಲ್ಲಿ ಗಡಿಗೆ ತುಂಬ ಮೊಸರಿದ್ದರೂ ಬೆಳಗಾದರೆ ಬಟ್ಟಲು ತೂರಿಸಿ ಕೂಗುತ್ತಿದ್ದಳು, “ದ್ಯಾವಕ್ಕಾ, ಹೆಪ್ಪಿದ್ಯೇನೇ?”

“ನಿಮ್ಮನೇಲಿ ಇಲ್ವೇನೇ?”

“ಇದೆ, ಆದ್ರೂ ಕೊಡು.”

ಹೀಗೆ ಅವರು ಆ ದೊಣೆಯ ದಂಡೆಯಲ್ಲಿ ಉಂಡು ತಣ್ಣಗೆ ಬಾಳಿದರು. ಕತೆ ಕೇಳಿದ ನಿಮ್ಮ ಮನೆಯ ಹಾಲೂ ಹೆಪ್ಪಾಗಲಿ, ಹೆಪ್ಪು ಕೇಳೋಕೆ ಪಕ್ಕದಲ್ಲೊಂದು ಬಾಗಿಲು ತೆರೆದಿರಲಿ.