ಎಂಟು ತೂತು, ಆರು ಬೋಲ್ಟು

"ಹ್ವಾಯ್, ಕಾಲ್‌ಬುಡ ಕಾಣಿ!"

ಓಮ್ನಿ ವ್ಯಾನಿನ ಅಡಿಯಿಂದ ಮೋಕ್ಷಿತಾ ಕೂಗುವಷ್ಟರಲ್ಲಿ ತಡವಾಗಿತ್ತು. ಬಂದವನ ಕಾಲು ತೆಂಗಿನ ಗೆರಟೆಗೆ ತಾಗಿ, ಅವಳು ಒಂದೊಂದೇ ಬಿಚ್ಚಿ ಅದರೊಳಗೆ ಹಾಕಿಟ್ಟಿದ್ದ ಬೋಲ್ಟುಗಳೆಲ್ಲ ಅಂಗಳದ ಹೊಯ್ಗೆಯಲ್ಲಿ, ಆ ಸಡಿಲ ಮರಳಿನಲ್ಲಿ, ಚೆಲ್ಲಿಹೋದವು.

ಮುಖಕ್ಕೆಲ್ಲ ಗ್ರೀಸು ಮೆತ್ತಿಕೊಂಡೇ ಹೊರಗೆ ತೆವಳಿ ಬಂದಳು. ಎದುರಿಗೆ ಎತ್ತರದ ಹುಡುಗನೊಬ್ಬ, ಹೆಗಲಲ್ಲಿ ಟೂಲ್ಸ್ ಚೀಲ. ಬೈಯಲು ಬಾಯಿ ತೆರೆದವಳಿಗೆ ಅವನ ಕಣ್ಣು ನೋಡಿ ಮಾತೇ ಮರೆತುಹೋಯಿತು... ಒಂದೇ ಕ್ಷಣ. ಆಮೇಲೆ ಎಲ್ಲ ಬೈಗುಳವೂ ಸಾಲಾಗಿ ನೆನಪಾಯಿತು.

ಅವನು ಬೈಂದೂರಿನ ನಿತೇಶ್. ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಮಗಳಿಗೆ ಗೊತ್ತಾಗದಂತೆ ಫೋನು ಮಾಡಿ ಕರೆಸಿದ್ದು ಅಮ್ಮ ಜಲಜ.

ಪಾಪ, ಜಲಜಮ್ಮನಿಗೂ ಬೇರೆ ದಾರಿಯಿರಲಿಲ್ಲ. ನಾವುಂದದ ಮೀನನ್ನು ಹಾಲಾಡಿ, ಸಿದ್ದಾಪುರದ ಮನೆಮನೆಗೆ ಮುಟ್ಟಿಸುವ ಗಾಡಿ ಅದು. ಓಡಿಸುವವಳೂ ಮಾರುವವಳೂ ಮೋಕ್ಷಿತಾಳೇ. ಗೇರು ಕೈಕೊಟ್ಟಾಗ ಫೋನಿನಲ್ಲಿ ವಿಡಿಯೊ ನೋಡಿಕೊಂಡು ತಾನೇ ಗೇರ್‌ಬಾಕ್ಸ್ ಇಳಿಸಿದ್ದಳು. ಇದು ಹೆಣ್ಣುಮಕ್ಕಳ ಕೆಲಸವೇ ಅಲ್ಲ ಎಂದು ಸೋದರಮಾವ ಲೀಲಾಧರ ಅಂದೇ ತೀರ್ಪು ಕೊಟ್ಟಿದ್ದರು. ಭಾನುವಾರದೊಳಗೆ ಗಾಡಿ ಓಡದಿದ್ದರೆ ಅದನ್ನು ಮಾರಿಬಿಡುವುದು, ಅವಳು ಕುಂದಾಪುರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವುದು ಎಂದು ಅಕ್ಕನಿಂದ ಒಪ್ಪಿಗೆಯನ್ನೂ ಪಡೆದಿದ್ದರು. ಅವತ್ತು ಬುಧವಾರ.

ಇಬ್ಬರೂ ಹೊಯ್ಗೆ ಕೆದಕಿ ಹೆಕ್ಕಿದರು. ಸಿಕ್ಕಿದ್ದು ಆರು ಬೋಲ್ಟು. ಮೋಕ್ಷಿತಾ ಗೇರ್‌ಬಾಕ್ಸಿನ ಅಂಚಿನ ತೂತು ಎಣಿಸಿದಳು. ಎಂಟು! ಅಷ್ಟರಲ್ಲೇ ಮಾವ ಬೇರೆ ಬಂದು ನಿಂತಿದ್ದರು.

"ಎರಡ್ ಬೋಲ್ಟ್ ಇವ್ರ್ ಕಾಲಿಂದ ಹೋಯ್ತ್ ಮಾವ. ಕಣ್ಣೇ ಕಾಂತಿಲ್ಲ ಇವ್ರಿಗೆ" ಎಂದುಬಿಟ್ಟಳು.

ಗೇರ್‌ಬಾಕ್ಸ್ ಒರೆಸುತ್ತಿದ್ದ ನಿತೇಶನ ಕೈ ಒಂದು ತೂತಿನ ಹತ್ತಿರ ನಿಂತಿತು. ಬಗ್ಗಿ ನೋಡಿದ. ಮಾವನ ಮುಖ ನೋಡಿದ. ಮತ್ತೆ ಅವಳನ್ನು ನೋಡಿದ.

"ಹೌದ್, ನನ್ ತಪ್ಪೇ. ನಾ ಹುಡ್ಕಿ ಕೊಡ್ತೆ" ಎಂದ.

ಮರುದಿನ ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಬಂದ. ಅಂಗಳದ ಹೊಯ್ಗೆಯಲ್ಲಿ ಅದನ್ನು ಎಳೆದದ್ದೇ ಎಳೆದದ್ದು. ತುಕ್ಕು ಹಿಡಿದ ಮೊಳೆ, ಗಾಳದ ತುಂಡು ಸಿಕ್ಕವು, ಬೋಲ್ಟು ಮಾತ್ರ ಇಲ್ಲ. ಕ್ಲಚ್ ಪ್ಲೇಟ್ ಬದಲಿಸುವಾಗ ಪಕ್ಕದಲ್ಲಿ ಕೂತು ಹೇಗೆಂದು ಹೇಳಿಕೊಟ್ಟ, ಆದರೆ ಅವಳ ಕೈಯಿಂದ ಸ್ಪ್ಯಾನರ್ ಒಮ್ಮೆಯೂ ಕಸಿದುಕೊಳ್ಳಲಿಲ್ಲ. ಸಿಟ್ಟು ಇಟ್ಟುಕೊಳ್ಳಬೇಕೆಂದು ಅವಳು ಎಷ್ಟು ಪ್ರಯತ್ನಪಟ್ಟರೂ ಅದು ನಿಲ್ಲುತ್ತಿರಲಿಲ್ಲ.

ಶುಕ್ರವಾರ ಕುಂದಾಪುರದ ಗುಜರಿ ಅಂಗಡಿಯಿಂದ ಎರಡು ಬೋಲ್ಟು ತಂದ. ಅವು ಒಂದು ಬೆರಳು ಉದ್ದ ಹೆಚ್ಚಾಗಿದ್ದವು. ಅವನ್ನೇ ತಿರುಗಿಸಿ ಕೂರಿಸಲು ಹೊರಟವಳ ಕೈಹಿಡಿದು ನಿಲ್ಲಿಸಿದ. ತುದಿ ತಾಗಿದರೆ ಗೇರ್‌ಬಾಕ್ಸಿನ ಕವಚವೇ ಸೀಳುತ್ತದೆ ಎಂದ. ನಾಳೆ ಬ್ರಹ್ಮಾವರಕ್ಕೆ ಹೋಗಿ ಹುಡುಕುವೆ ಎಂದು ಹೇಳಿ, ಆಮೇಲೆ ಎಷ್ಟೋ ಹೊತ್ತಿಗೆ ಕೈ ಬಿಟ್ಟ.

'ಕೈ ಬಿಡದಿದ್ದರೂ ಆಗುತ್ತಿತ್ತು...' ಎಂದಿತು ಅವಳ ಮನಸ್ಸು. ನಾಚಿಕೆಯಾಯಿತು.

ಇತ್ತ ಮಾವ ಸುಮ್ಮನಿರುತ್ತಾರೆಯೇ? ನಿತೇಶ್ ಬೋಲ್ಟು ಕಳೆದ ಕತೆಯನ್ನು ಬಂದರಿನ ತುಂಬ ಹೇಳಿಕೊಂಡು ಬಂದಿದ್ದರು. ಅಲ್ಲಿ ಅವನಿಗೆ ಬೋಲ್ಟ್ ನಿತೇಶ ಎಂಬ ಹೆಸರೇ ಬಿತ್ತು.

ಶನಿವಾರ ಬೆಳಿಗ್ಗೆ, ಅವನು ಬರುವುದರೊಳಗೆ ತೂತುಗಳನ್ನೆಲ್ಲ ಚೊಕ್ಕ ಮಾಡೋಣವೆಂದು ಮೋಕ್ಷಿತಾ ಸ್ಕ್ರೂಡ್ರೈವರ್ ಹಾಕಿದಳು. ಎರಡರಲ್ಲಿ ಅದು ಒಳಗೆ ಇಳಿಯಲೇ ಇಲ್ಲ. ಕೆರೆದಳು. ಗಟ್ಟಿ ಮಣ್ಣು ಉದುರಿತು, ಜೊತೆಗೆ ಒಣಗಿದ ಹುಳದ ಸಿಪ್ಪೆ. ಕಣಜದ ಗೂಡು!

ಬುಧವಾರ ನಿತೇಶ್ ಬಗ್ಗಿ ನೋಡಿದ್ದು ಇದೇ ತೂತನ್ನು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು, ಗಾಡಿಯೂ ಎರಡು ತಿಂಗಳು ನಿಂತಿದ್ದಾಗ ಕಟ್ಟಿದ ಗೂಡು. ಅಂದರೆ ಆ ಎರಡು ಬೋಲ್ಟು ಆಗಲೇ ಇರಲಿಲ್ಲ. ಹಿಂದೆ ಯಾರೋ ಬಿಚ್ಚಿದವರು ಹಾಕದೆ ಬಿಟ್ಟಿದ್ದರು. ಒಂದು ವರ್ಷದಿಂದ ಗೇರಿನಲ್ಲಿ ಬರುತ್ತಿದ್ದ ಕಟಕಟ ಶಬ್ದವೂ ಅದರದ್ದೇ.

ಅವಳು ತೂತು ಎಣಿಸಿದ್ದಳು, ಬಿಚ್ಚುವಾಗ ಬೋಲ್ಟು ಎಣಿಸಿರಲಿಲ್ಲ. 'ನಾನು ಎಂಥ ಮಾತು ಹೇಳಿದೆ ಅವರಿಗೆ!' ಕಣ್ಣು ತುಂಬಿ ಬಂತು.

ಸಂಜೆ ಸರಿಯಾದ ಬೋಲ್ಟಿನೊಂದಿಗೆ ನಿತೇಶ್ ಬಂದ. ಗೇರ್‌ಬಾಕ್ಸ್ ಏರಿಸಿ ಬಿಗಿಮಾಡುವವರೆಗೂ ಅವಳು ತಲೆಯೆತ್ತಿ ಅವನನ್ನು ನೋಡಲಿಲ್ಲ.

ಭಾನುವಾರ ಮಾವ ಗಾಡಿ ಕೊಳ್ಳುವವರನ್ನು ಕರೆದುಕೊಂಡೇ ಬಂದರು. ಮೋಕ್ಷಿತಾ ಕೀ ತಿರುಗಿಸಿದಳು. ಒಂದು, ಎರಡು, ಮೂರು... ಗೇರು ಬೆಣ್ಣೆಯಂತೆ ಬಿದ್ದವು. ಗಾಡಿ ರಸ್ತೆಯ ತುದಿಗೆ ಹೋಗಿ ತಿರುಗಿ ಬಂತು. ಮಾವನ ಮುಖ ಸಣ್ಣದಾಯಿತು. ಈ ಕುರುಡ ಬರದಿದ್ದರೆ ಕೆಲಸ ಬುಧವಾರವೇ ಮುಗಿಯುತ್ತಿತ್ತು ಎಂದು ನಿತೇಶನ ಮೇಲೆ ಹಾಯ್ದರು.

ಅವಳು ಸುಮ್ಮನಿದ್ದರೆ ಸಾಕಿತ್ತು. ಗಾಡಿ ಉಳಿದಿತ್ತು. ಬಾಯಿ ಬಿಟ್ಟರೆ ಮಾವ ಅದನ್ನೇ ಹಿಡಿದು ಅಮ್ಮನ ಮನಸ್ಸು ತಿರುಗಿಸುವುದು ಖಂಡಿತ. ನಿತೇಶ್ ಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದ.

"ಬೋಲ್ಟ್ ಕಳ್ದದ್ದೇ ಇಲ್ಲ ಮಾವ. ಅದ್ ಮೊದ್ಲೇ ಇರ್ಲಿಲ್ಲ. ಎಣ್ಸುಕ್ ತಪ್ಪಿದ್ದ್ ನಾನ್. ಇವ್ರ್ ನನ್ ಮರ್ಯಾದಿ ಉಳ್ಸುಕೆ ಸುಮ್ನಿದ್ರ್" ಎಂದಳು.

ಕಾಣು, ಇದಕ್ಕೇ ನಾನು ಹೇಳಿದ್ದು ಎಂದು ಮಾವ ಅಕ್ಕನ ಕಡೆ ತಿರುಗಿದರು. ಜಲಜಮ್ಮ ಮಗಳ ಗ್ರೀಸು ಮೆತ್ತಿದ ಕೈಯನ್ನೇ ನೋಡುತ್ತಿದ್ದರು.

"ಗಾಡಿ ಮಾರುಕಿಲ್ಲ ಲೀಲಾಧರ. ತಪ್ಪ್ ಒಪ್ಕಂಬವ್ಳ್ ಕೈಯಗೇ ಇರ್ಲಿ" ಎಂದು ಎಲ್ಲರಿಗೂ ಚಹಾ ಮಾಡಲು ಒಳಗೆ ಹೋದರು.

ಬಂದವರೆಲ್ಲ ಹೋದ ಮೇಲೆ ನಿತೇಶ್ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಮೋಕ್ಷಿತಾ ಹತ್ತಿರ ಬಂದು ನಿಂತಳು.

"ಬುಧವಾರವೇ ಗೊತ್ತಿತ್ತ್ ಅಲ್ದಾ ನಿಮ್ಗೆ?"

"ಗೊತ್ತಿತ್ತ್."

"ಮತ್ತೆ ಹೊಯ್ಗೆಯಲ್ ಎಂತ ಹುಡುಕ್ತಿದ್ದದ್ದ್?"

"ಮೊದ್ಲು ನಿಮ್ ಮಾವಂಗೆ ಕಾಣ್ಲಿ ಅಂದೇಳಿ..." ಅವನ ಕಿವಿ ಕೆಂಪಾಯಿತು. "ಮತ್ತೆ, ನೀವ್ ಇಲ್ಲೇ ಕೂತ್ಕಂಡ್ ಕೆಲ್ಸ ಮಾಡ್ತಿದ್ರಿ ಅಲ್ದಾ. ನಿಮ್ಮನ್ ಕಾಂಬುಕೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವನು ಚೀಲ ಹೆಗಲಿಗೇರಿಸಿಕೊಂಡ.

"ನಾಳೆ ಬತ್ರಿಯಾ?"

"ನಾಳೆ ಎಂತ ಕೆಲ್ಸ ಇತ್ತ್?"

"ಎಂತದೂ ಇಲ್ಲ" ಎಂದಳು ಅವನ ಕಣ್ಣನ್ನೇ ನೋಡುತ್ತ. "ಸುಮ್ನೆ ಬನ್ನಿ."