ಏಳನೆಯ ಹೆಸರು

14-9-2009, ಬೆಳಿಗ್ಗೆ 9.20. ಕೋಡಿಯ ಜಲಜ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಚಂದಯ್ಯನ ಮೇಜಿನ ಮುಂದೆ ನಿಂತಳು.

"ಬೋಟ್ ಮುಳ್ಗಿ ಐದ್ ದಿನ ಆಯ್ತ್ ಸಾರ್. ಆರ್ ಜನ ಸಿಕ್ರ್, ಹುಡ್ಕುದ್ ನಿಲ್ಸಿರ್. ನಮ್ಮನಿಯವ್ರ್ ಏಳ್ನೇಯವ್ರ್. ಎಂಟ್ನೇ ತಾರೀಕಿಗೆ ಬೈಂದೂರಂಗೆ ಜನ ಕಡ್ಮಿ ಇತ್ತ್ ಅಂದ್ಹೇಳಿ ಕಡಿ ಗಳ್ಗಿಗೆ ಬೋಟ್ ಹತ್ತಿರ್, ನಂಗ್ ಫೋನ್ ಮಾಡಿದ್ರ್. ಸಂಘದ್ ಪಟ್ಟಿ ಕಂಡ್ರೆ ಹೆಸ್ರೇ ಇಲ್ಲೆ."

ಎಫ್‌ಐಆರ್ ದಾಖಲಾಯಿತು. ಮೀನುಗಾರರ ಸಂಘದ ಬೈಂದೂರು ಕಚೇರಿಯ ಪ್ರತಿಯಲ್ಲಿ ಏಳು ಹೆಸರಿದ್ದವು, ಕೊನೆಯದು ಜಲಜಳ ಗಂಡ ಐತನದು. ಕುಂದಾಪುರದ ಮುಖ್ಯ ಕಂಪ್ಯೂಟರಿನಲ್ಲಿ ಆರೇ. ಶಾಖೆಗಳ ಕಂಪ್ಯೂಟರ್‌ಗಳು ದಿನವೂ ಸಂಜೆ 5.30ಕ್ಕೆ ತಾವಾಗಿಯೇ ಇದಕ್ಕೆ ಲಾಗಿನ್ ಆಗಿ ಹೊಸ ಹೆಸರು ಸೇರಿಸುತ್ತಿದ್ದವು. ಬೋಟು ಮುಳುಗಿದರೆ ಅದರ ಪಟ್ಟಿ ಆರಕ್ಕೆ ತಾನಾಗಿಯೇ ಶೋಧದ ಕಚೇರಿಗೆ ಹೋಗುತ್ತಿತ್ತು. ಇನ್ನೊಂದು ಪ್ರತಿಯನ್ನು ಊರವರು ನೋಡಲೆಂದು ಕೋಡಿಯಲ್ಲಿ ಗೋಡೆಗೆ ಅಂಟಿಸುತ್ತಿದ್ದರು.

"ಮನ್ಷ ಇಲ್ದೆ ಲಾಗಿನ್ ಹ್ಯಾಂಗೆ?" ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತಿದ್ದರೂ ಚಂದಯ್ಯನಿಗೆ ತನ್ನ ಮೇಲೆ ನಂಬಿಕೆಯಿಲ್ಲ. ಎರಡು ಸಲ ಕೇಳಿದ.

"ಪಾಸ್‌ವರ್ಡ್ ಫೈಲಂಗೇ ಬರ್ದ್ ಇಟ್ಟಿತ್ತ್ ಸಾರ್," ಎಂದ ಸಂಘದ ತಂತ್ರಜ್ಞ ಅನೂಪ್. "ತೆರ್ದ್ ಕಂಡವ್ರಿಗೆಲ್ಲ ಗೊತ್ತಾತ್ತ್. ಒಂದೊಂದ್ ಮಿಷನ್ನಿಗ್ ಒಂದೊಂದ್ ಕೀ ಮಾಡ್ವ, ಹೆಸ್ರ್ ಸೇರ್ಸೂಕ್ ಮಾತ್ರ ತೆರಿಲಿ, ಅಳ್ಸೂಕ್ ಬಪ್ದ್ ಬ್ಯಾಡ ಅಂದೆ. ಮೂರ್ ಆಫೀಸಿಗೂ ಒಂದೇ ಪಾಸ್‌ವರ್ಡ್ ಸಾಕ್ ಮಾರಾಯ ಅಂದ್ರ್ ಸೆಕ್ರೆಟರಿ."

ದಾಖಲೆಯಲ್ಲಿ ಹೊತ್ತಲ್ಲದ ಹೊತ್ತಿನ ಲಾಗಿನ್ ಒಂದೇ: 9-9, ಬೆಳಿಗ್ಗೆ 11.42, ಬ್ರಹ್ಮಾವರ ಕಚೇರಿಯಿಂದ. ಅಂದು ಅಲ್ಲಿದ್ದವನು ಗುಮಾಸ್ತ ಅಶೋಕ್ ಒಬ್ಬನೇ. ಅವನ ವಿಳಾಸವನ್ನು ಚಂದಯ್ಯ ಮೂರು ಸಲ ಓದಿದ. ಐತನದೇ ಮನೆ. ತಮ್ಮ.

15-9, ಮಧ್ಯಾಹ್ನ 3.10. ಬ್ರಹ್ಮಾವರ ಕಚೇರಿಯಲ್ಲಿ ಪಂಚರ ಎದುರು ಕಂಪ್ಯೂಟರ್ ಜಪ್ತಿಯಾಯಿತು.

"ಹೆಸ್ರ್ ತೆಗ್ದದ್ ಯಾರ್?"

"ನಾನೇ," ಎಂದ ಅಶೋಕ್.

"ಎಂತಕ್ಕೆ?"

"ಅಬ್ಬಿಗೆ ಎದಿ ಆಪರೇಷನ್ ಆಯಿ ತಿಂಗ್ಳ್ ಆಯ್ಲಿಲ್ಲೆ. ದಿನಾ ಗೋಡಿ ಮೇಲಿನ್ ಪಟ್ಟಿ ಓದ್ಸಿ ಕೇಂತ್ಳ್. ಅಣ್ಣ ಬೇರೆ ಬೋಟಂಗ್ ಇದ್ದ ಅಂದ್ಕಳ್ಲಿ ಅಂದೇಳಿ…"

"ಹುಡ್ಕುದ್ ಎಂತಕ್ ನಿಲ್ಸಿದ್, ಗೊತ್ತಿತ್ತಾ?"

"ಕಡ್ಲ್ ಜೋರ್ ಇತ್ತಲೆ."

"ಅಲ್ಲ ಮಾರಾಯ. ಪಟ್ಟಿಯಂಗ್ ಇದ್ದ ಆರೂ ಜನ ಸಿಕ್ರ್ ಅಂದೇಳಿ."

ಅಶೋಕ್ ಕಂಪ್ಯೂಟರಿನ ಕಡೆ ಕೈ ಚಾಚಿದ; ಪಂಚರು ತಡೆದರು. 4.30ಕ್ಕೆ ಬಂಧನ. ಲಾಭವಿಲ್ಲ, ದ್ವೇಷವಿಲ್ಲ, ತಾಯಿಯನ್ನು ಒಂದೆರಡು ದಿನ ಕಾಪಾಡಬೇಕೆಂಬುದಷ್ಟೇ ಅವನಲ್ಲಿದ್ದದ್ದು. ವರದಿಯ 'ಕಾರಣ' ಎಂಬಲ್ಲಿ ಏನು ಬರೆಯಬೇಕೆಂದು ಚಂದಯ್ಯನಿಗೆ ತಿಳಿಯಲಿಲ್ಲ.

ಸಂಜೆ ಶೋಧ ಮತ್ತೆ ಶುರುವಾಯಿತು. ಜಲಜಳಿಗೆ ಅದನ್ನು ತಿಳಿಸಲು ಚಂದಯ್ಯ ಕೋಡಿಗೆ ಹೋದಾಗ, ಗೋಡೆಗೆ ಆಗಷ್ಟೇ ಅಂಟಿಸಿದ ಏಳು ಹೆಸರಿನ ಹೊಸ ಪಟ್ಟಿಯ ಮುಂದೆ ಐತನ ತಾಯಿ, ಮುದುಕಿ ಸೀತು ನಿಂತಿದ್ದಳು.

"ಹ್ವಾಯ್ ಪೊಲೀಸ್ನೋರೆ, ಒಂಚೂರ್ ಓದಿ ಹೇಳಿ. ನಮ್ ಐತನ್ ಹೆಸ್ರ್ ಇಲ್ಲೆ ಅಲ್ದಾ?"

ಚಂದಯ್ಯ ಟೋಪಿ ತೆಗೆದು, ಮೊದಲ ಹೆಸರಿನಿಂದ ಓದತೊಡಗಿದ. ಆರರವರೆಗೆ ಅವನ ಧ್ವನಿ ಸರಿಯಾಗಿಯೇ ಇತ್ತು.